ಸಣ್ಣ ವೈನ್ ಫ್ರಿಜ್ ಇನ್ನು ಮಾರುವುದಿಲ್ಲ: ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಸುತ್ತಿ ಬಳಸಿ ಹೇಳುವುದಿಲ್ಲ. ಜೂನ್ 1ರಿಂದ ನಮ್ಮಲ್ಲಿ 8 ಮತ್ತು 12 ಬಾಟಲಿಯ ಸಣ್ಣ ವೈನ್ ಫ್ರಿಜ್ ಸಿಗುವುದಿಲ್ಲ. ಸದ್ದು ಮಾಡದೆ ಮೇಜಿನ ಮೇಲೆ ಕೂರುವ ಆ ಕಪ್ಪು ಪೆಟ್ಟಿಗೆ, ಅದೇ. ಮನೆಗೆ ಬಂದು ನೋಡುವ ವಿಸಿಟಿಂಗ್ ಚಾರ್ಜ್ 400 ಇದ್ದದ್ದು 750 ರೂಪಾಯಿ ಆಗುತ್ತದೆ. ಬೇಸಿಗೆಗೆ ಮುಂಚೆ ಪುಕ್ಕಟೆ ಚೆಕಪ್ ಮಾಡಿಕೊಡುತ್ತಿದ್ದೆವಲ್ಲ, ಅದೂ ನಿಲ್ಲುತ್ತದೆ. ಮರದ ರ‍್ಯಾಕ್ ಮಾತ್ರ ದೀಪಾವಳಿಯವರೆಗೆ ಹಳೇ ಬೆಲೆಗೇ ಕೊಡುತ್ತೇವೆ.

ಇದನ್ನೇ ಹೋದ ವಾರ ವಾಟ್ಸ್ಯಾಪ್‌ನಲ್ಲಿ ಎರಡು ಸಾಲಲ್ಲಿ ಹಾಕಿದ್ದೆ. ತಪ್ಪಾಯಿತು. ಅವತ್ತು ರಾತ್ರಿ ಹನ್ನೊಂದಾದರೂ ಫೋನ್ ಕೆಳಗಿಡಲು ಆಗಲಿಲ್ಲ. ಹೊಸಬರಿಗಿಂತ ಹಳಬರೇ ಜಾಸ್ತಿ ಬೈದರು. ನಾವು ಎಲ್ಲಿಂದ ಶುರು ಮಾಡಿ ಎಲ್ಲಿಗೆ ಬಂದೆವು ಅನ್ನುವುದು ನಿಮಗೆ ಗೊತ್ತಿರುವುದೇ, ಅದನ್ನೆಲ್ಲ ತೆಗೆಯುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಎಲ್ಲರ ಬಾಯಲ್ಲೂ ಒಂದೇ ಮಾತು. "ಹೊಸಬರಿಗೆ ಸಣ್ಣದೇ ಸಾಕು ಅಂತ ನೀವೇ ಕೊಟ್ರಿ. ಈಗ ಅದು ಸರಿಯಿಲ್ಲ ಅಂತೀರಿ. ದೊಡ್ಡದು ಮಾರೋಕೆ ಇದೊಂದು ನಾಟಕ ಅಲ್ವಾ?"

ಇದರಲ್ಲಿ ಮೊದಲರ್ಧ ನಿಜ. ನಾವೇ ಕೊಟ್ಟಿದ್ದು, ನಾವೇ ಹೊಗಳಿದ್ದು. ಕ್ಷಮೆ ಇರಲಿ.

ಆ ಪೆಟ್ಟಿಗೆಯೊಳಗೆ ಮಾಮೂಲಿ ಫ್ರಿಜ್‌ನ ಹಾಗೆ ಕಂಪ್ರೆಸರ್ ಇಲ್ಲ, ಗ್ಯಾಸ್ ಇಲ್ಲ. ಬಿಸ್ಕತ್ತಿನಷ್ಟು ದೊಡ್ಡ ಒಂದು ಬಿಲ್ಲೆ ಇದೆ. ಅದರಲ್ಲಿ ಕರೆಂಟ್ ಹರಿದರೆ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಮುಖ ಬಿಸಿಯಾಗುತ್ತದೆ. ಬಿಸಿಯನ್ನು ಹಿಂದಿನ ಫ್ಯಾನ್ ಹೊರಗೆ ಊದುತ್ತದೆ. ಗಡಿಯಾರದ ಕಸುಬು ಬಿಟ್ಟು ವಿಜ್ಞಾನಕ್ಕೆ ಬಂದ ಪೆಲ್ಟಿಯೆ ಎಂಬ ಫ್ರಾನ್ಸಿನವನು 1834ರಲ್ಲಿ ಕಂಡುಕೊಂಡದ್ದು ಇದು. ಚೆಂದದ ಉಪಾಯ. ಅದುರುವುದಿಲ್ಲ, ಗುಂಯ್ ಅನ್ನುವುದಿಲ್ಲ. ತೊಂದರೆ ಒಂದೇ. ಕೋಣೆಯ ಶಾಖಕ್ಕಿಂತ 10ರಿಂದ 12 ಡಿಗ್ರಿ ಕೆಳಗೆ ಇಳಿಸುವುದಷ್ಟೇ ಅದರ ಕೈಲಾಗುವುದು. ಕೋಣೆಯಲ್ಲಿ 24 ಇದ್ದರೆ ಒಳಗೆ 13. ವೈನ್ ಇಡಲು ಬೇಕಾದದ್ದು ಅಷ್ಟೇ, 12–14. ಕೋಣೆಯಲ್ಲಿ 33 ಆಯಿತೆನ್ನಿ, ಒಳಗೆ 22. ಗುಂಡಿ ಎಷ್ಟು ಒತ್ತಿದರೂ ಅಷ್ಟೇ.

ಬೆಂಗಳೂರು ತಂಪು ಊರು ಅನ್ನುವ ಹಳೇ ನಂಬಿಕೆಯ ಮೇಲೆ ನಾವದನ್ನು ಮಾರಿದೆವು. 2016ರ ಏಪ್ರಿಲ್‌ನಲ್ಲಿ ಇದೇ ಊರು 39.2 ಡಿಗ್ರಿ ಕಂಡಿತ್ತು. ಒಂದು ವರ್ಷದ ಮಾತು ಅಂದುಕೊಂಡೆವು. 2024ರ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್‌ಗೆ ಕಾಯುತ್ತಾ ಕೂತಾಗ ಆ ನಂಬಿಕೆಯೂ ಹೋಯಿತು.

ಒಂದು ಮನೆಯ ಕತೆ ಹೇಳಲೇಬೇಕು. ಹೋದ ವರ್ಷ ಮೇ ತಿಂಗಳು. ರಾಜರಾಜೇಶ್ವರಿನಗರದಲ್ಲಿ ಮೂರನೇ ಮಹಡಿ, ಮೇಲೆ ಬರೀ ತಾರಸಿ. ರಿಟೈರಾದ ಮೇಷ್ಟ್ರು. ಫ್ರಿಜ್ ಮುಂದೆ ನೀಲಿ ಬಣ್ಣದಲ್ಲಿ 12 ಅಂತ ಉರಿಯುತ್ತಿತ್ತು. ನಮ್ಮ ಹುಡುಗ ಒಳಗೆ ಥರ್ಮಾಮೀಟರ್ ಇಟ್ಟು, ಬಾಗಿಲು ಹಾಕಿ, ಕಾಲು ಗಂಟೆ ಕಾದ. 31. ಕೋಣೆಯಲ್ಲಿ 34. ಹಿಂದಿನ ಫ್ಯಾನಿಗೆ ಧೂಳು ಮೆತ್ತಿ ಅದು ನಿಂತೇ ಹೋಗಿತ್ತು, ಎಷ್ಟು ವಾರದಿಂದಲೋ. ಮುಂದೆ ಉರಿಯುವ ಆ ಅಂಕಿ ನಾವು ಕೇಳಿದ ಡಿಗ್ರಿ, ಒಳಗಿರುವ ಡಿಗ್ರಿ ಅಲ್ಲ. ಮಾರುತ್ತಿದ್ದ ನಮಗೂ ಇದು ಅವತ್ತೇ ಗೊತ್ತಾಗಿದ್ದು.

ನಂದಿ ಬೆಟ್ಟದ ಕಡೆಯ ಒಂದೇ ಜಾತಿಯ ಕೆಂಪು ವೈನ್ ಮೂರು ಬಾಟಲಿ ಇಟ್ಟಿದ್ದರು. ಒಂದರ ಕಾರ್ಕ್ ಅಕ್ಕಿ ಕಾಳಿನಷ್ಟು ಮೇಲೆದ್ದಿತ್ತು. ಕತ್ತಿನ ಸುತ್ತ ನೇರಳೆ ಬಣ್ಣದ ಅಂಟು. ತೆಗೆದು ಲೋಟಕ್ಕೆ ಬಗ್ಗಿಸಿದರು. ಹಣ್ಣಿನ ವಾಸನೆಯೇ ಇಲ್ಲ, ಒಣದ್ರಾಕ್ಷಿ ಬೇಯಿಸಿದ ನೀರಿನ ಹಾಗಿತ್ತು. ಮೇಷ್ಟ್ರು ಏನೂ ಅನ್ನಲಿಲ್ಲ. ಸಿಂಕಿಗೆ ಸುರಿದರು, ಲೋಟ ತೊಳೆದರು, ನಮಗೆ ಕಾಫಿ ಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಇದರಲ್ಲಿ ನಮ್ಮ ತಪ್ಪು ಇನ್ನೊಂದಿದೆ. ಅವರ ಪುಕ್ಕಟೆ ಚೆಕಪ್ ಫೆಬ್ರವರಿಯಲ್ಲೇ ಆಗಬೇಕಿತ್ತು. ಮೂರು ಸಲ ದಿನ ಮುಂದೆ ಹಾಕಿದ್ದೆವು. ಪುಕ್ಕಟೆ ಕೆಲಸದ ಹಣೆಬರಹವೇ ಅದು. ದುಡ್ಡು ಬರುವ ಕೆಲಸ ಬಂದಾಗ ಅದು ನಾಳೆಗೆ ಹೋಗುತ್ತದೆ, ನಾಳೆಯಿಂದ ನಾಡಿದ್ದಿಗೆ. ಹೋಗಿದ್ದರೆ ಒಂದು ಬ್ರಷ್ ಹಿಡಿದು ಐದು ನಿಮಿಷದ ಕೆಲಸ.

ಇನ್ನು ನಿಮ್ಮ ಮಾತಿನ ಎರಡನೇ ಅರ್ಧ, ದೊಡ್ಡದು ಮಾರುವ ನಾಟಕ ಅನ್ನುವುದು. ಇದನ್ನು ಒಪ್ಪುವುದಿಲ್ಲ. ನಿಜ ಹೇಳಬೇಕೆಂದರೆ ನಿಮ್ಮಲ್ಲಿ ಬಹಳ ಜನಕ್ಕೆ ಫ್ರಿಜ್ಜೇ ಬೇಡ. ಫ್ರಿಜ್ ಮಾರುವವನೇ ಹೀಗೆ ಬರೆದರೆ ಮನೆಯಲ್ಲಿ ಬೈಯುತ್ತಾರೆ, ಆದರೂ ಬರೆಯುತ್ತೇನೆ.

ಅಂಗಡಿಯಲ್ಲಿ ಸಿಗುವ ವೈನ್‌ನಲ್ಲಿ ಹೆಚ್ಚಿನದು ಒಂದೆರಡು ವರ್ಷದೊಳಗೆ ಕುಡಿಯಲೆಂದೇ ಮಾಡಿದ್ದು. ಇಟ್ಟಷ್ಟೂ ರುಚಿ ಬರುತ್ತದೆ ಅನ್ನುವುದು ಎಲ್ಲ ವೈನ್‌ಗೂ ಹೊಂದುವ ಮಾತಲ್ಲ. ಬಿಳಿ ವೈನ್, ರೋಸೆ ಅನ್ನುವ ಗುಲಾಬಿ ಬಣ್ಣದ್ದು, ಕಡಿಮೆ ಬೆಲೆಯ ಕೆಂಪು, ಇವನ್ನು ಐದು ವರ್ಷ ಇಟ್ಟರೆ ಸುಮ್ನೆ ಹಳತಾಗುತ್ತವೆ ಅಷ್ಟೇ. ಇಟ್ಟು ಕಾಯುವಂಥವು ಒಗರು ಗಟ್ಟಿಯಿರುವ ಕೆಂಪು ವೈನ್‌ಗಳು. ದೊಡ್ಡಬಳ್ಳಾಪುರದ ಗ್ರೋವರ್‌ನವರ ಲಾ ರಿಸರ್ವ್ ಇರಬಹುದು, ಹಂಪಿ ಕಡೆಯ ಕೃಷ್ಮಾದವರ ಕ್ಯಾಬರ್ನೆ ಸಾವಿನ್ಯೋ ಇರಬಹುದು. ಅಂಥದ್ದು ನಿಮ್ಮ ಮನೆಯಲ್ಲಿ ಎಷ್ಟಿದೆ ಅಂತ ಮೊದಲು ಎಣಿಸಿ. ನಾಲ್ಕಿದ್ದರೆ ನಾಲ್ಕು. ಅದಕ್ಕೆ ಯಾಕೆ 40 ಬಾಟಲಿಯ ಫ್ರಿಜ್?

ಹೊಸದಾಗಿ ಶುರು ಮಾಡುವವರು ಅಂಗಡಿಗೆ ಬಂದರೆ ನಾನು ಹೇಳುವುದು ಇಷ್ಟೇ. ಹನ್ನೆರಡು ಬಗೆಯ ಹನ್ನೆರಡು ಬಾಟಲಿ ತರಬೇಡಿ. ಎರಡು ಬಗೆ, ಮೂರು ಮೂರು ತನ್ನಿ. ಒಂದನ್ನು ಈಗಲೇ ಕುಡಿಯಿರಿ. ಒಂದನ್ನು ಮುಂದಿನ ವರ್ಷ ಇದೇ ತಿಂಗಳು ತೆಗೆಯಿರಿ. ಮೂರನೆಯದು ಅದರ ಮುಂದಿನ ವರ್ಷಕ್ಕೆ. ಲೆಕ್ಕದ ಪುಸ್ತಕದಲ್ಲಿ ತಂದ ದಿನ, ಬೆಲೆ, ಕುಡಿದಾಗ ಹೇಗಿತ್ತು ಅಂತ ಎರಡು ಮಾತು ಬರೆಯಿರಿ. ಎರಡನೇ ಬಾಟಲಿ ಮೊದಲಿನದಕ್ಕಿಂತ ಸಪ್ಪೆ ಅನ್ನಿಸಿದರೆ ಮೂರನೆಯದನ್ನು ಅದೇ ವಾರ ಮುಗಿಸಿ, ಕಾಯಬೇಡಿ. ನಿಮ್ಮ ಮನೆ ಎಷ್ಟು ಬಿಸಿ ಅನ್ನುವುದನ್ನು ಇದು ಯಾವ ಮೀಟರ್‌ಗಿಂತಲೂ ಚೆನ್ನಾಗಿ ಹೇಳುತ್ತದೆ. ಮನೆಯಲ್ಲಿ ಎಷ್ಟು ವೈನ್ ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಅಬಕಾರಿ ನಿಯಮದಲ್ಲಿ ಮಿತಿಯಿದೆ. ಅದನ್ನು ವಿಚಾರಿಸಿಕೊಳ್ಳಿ, ಬಿಲ್ಲು ಬಿಸಾಡಬೇಡಿ.

ಇನ್ನು ಜಾಗ. ಅಡುಗೆಮನೆಯ ಸಜ್ಜಾ ಮೇಲೆ ಬೇಡವೇ ಬೇಡ. ಮನೆಯಲ್ಲಿ ಅದರಷ್ಟು ಬಿಸಿ ಜಾಗ ಇನ್ನೊಂದಿಲ್ಲ, ಎಲ್ಲರೂ ಇಡುವುದು ಅಲ್ಲೇ. ಷೋಕೇಸೂ ಬೇಡ. ಬೆಳಕು ಬಿದ್ದರೆ ವೈನ್ ಕೆಡುತ್ತದೆ, ಬಾಟಲಿಗೆ ಹಸಿರು ಬಣ್ಣ ಇರುವುದು ಚೆಂದಕ್ಕಲ್ಲ. ಬಿಸಿಲು ತಾಗದ ಕೋಣೆಯ ಬೀರುವಿನ ಕೆಳಗಿನ ಅರೆ, ಇಲ್ಲವೇ ಮೆಟ್ಟಿಲ ಕೆಳಗಿನ ಜಾಗ ಸಾಕು. ಮೀನು ಬರುತ್ತದಲ್ಲ, ಅಂಥ ಥರ್ಮಾಕೋಲ್ ಪೆಟ್ಟಿಗೆ, ಹೊಸದು, ತಂದು ಅದರೊಳಗೆ ಬಾಟಲಿ ಮಲಗಿಸಿ ಮುಚ್ಚಿ. ಅದು ತಂಪು ಮಾಡುವುದಿಲ್ಲ. ಆದರೆ ಹಗಲು ಏರಿ ರಾತ್ರಿ ಇಳಿಯುವ ಆಟ ಒಳಗೆ ತಟ್ಟದ ಹಾಗೆ ತಡೆಯುತ್ತದೆ. ವೈನ್‌ಗೆ ಶಾಖದ ಜೊತೆ ಈ ಏರಿಳಿತವೂ ಕಾಟವೇ. ಮಲಗಿಸುವುದು ಕಾರ್ಕ್ ಒಣಗದಿರಲಿ ಅಂತ. ತಿರುಪು ಮುಚ್ಚಳದವನ್ನು ನಿಲ್ಲಿಸಿಟ್ಟರೂ ನಡೆಯುತ್ತದೆ, ನಮ್ಮ ದೇಶದ ಬಾಟಲಿಗಳಲ್ಲಿ ಬಹಳಷ್ಟು ಈಗ ಅವೇ.

"ಮಾಮೂಲಿ ಫ್ರಿಜ್ ಆಗಲ್ವಾ?" ಆಗುತ್ತದೆ, ಒಂದೆರಡು ತಿಂಗಳಿಗೆ. ಅದರಲ್ಲಿ 4–5 ಡಿಗ್ರಿ. ಒಳಗಿನ ಗಾಳಿ ಒಣ, ಅದಕ್ಕಿಂತ ಬಹಳ ಜಾಸ್ತಿ ಇಟ್ಟರೆ ಕಾರ್ಕ್ ಒಣಗಿ ಗಾಳಿ ನುಗ್ಗುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ಅಲ್ಲಿಟ್ಟು ಮಳೆ ಬಿದ್ದ ಮೇಲೆ ಬೀರುವಿಗೆ ವಾಪಸ್ ಇಡಿ. ನಾನು ನನ್ನ ಮನೆಯಲ್ಲಿ ಮಾಡುವುದೂ ಅದನ್ನೇ. ತೆರೆದ ಬಾಟಲಿಯಂತೂ ಯಾವಾಗಲೂ ಫ್ರಿಜ್‌ಗೇ, ಕೆಂಪಾದರೂ ಸರಿ. ಮೂರು ದಿನದಲ್ಲಿ ಮುಗಿಸಿಬಿಡಿ.

ಕಂಪ್ರೆಸರ್ ಇರುವ ಫ್ರಿಜ್ ಬೇಕಾದದ್ದು ಯಾರಿಗೆ? ಇಟ್ಟು ಕಾಯುವಂಥ ಬಾಟಲಿ ಹತ್ತಕ್ಕಿಂತ ಜಾಸ್ತಿ ಇರುವವರಿಗೆ. ಕಲಬುರಗಿ, ಬಳ್ಳಾರಿ ಕಡೆಯವರಿಗೆ. ಮಂಗಳೂರಿನವರಿಗೂ ಹೌದು, ಅಲ್ಲಿ ಶಾಖದ ಜೊತೆ ಲೇಬಲ್‌ಗೆ ಬೂಷ್ಟು ಬೇರೆ. ಮಡಿಕೇರಿಯ ಮೂರು ಮನೆಯಲ್ಲಿ ಮಾತ್ರ ನಮ್ಮ ಆ ಸಣ್ಣ ಪೆಟ್ಟಿಗೆ ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಅವರು ಏನೂ ಬದಲಾಯಿಸುವುದು ಬೇಡ.

ಈಗ 750 ರೂಪಾಯಿ. ಇದರ ಬಗ್ಗೆ ಕೇಳಿದ ಮಾತು ಸ್ವಲ್ಪ ನೋವಾಯಿತು. "ಬಾಗಿಲು ತೆಗೆದು ನೋಡಿ ಹೋಗೋಕೆ 750 ಆ?" ಅಂದವರು ಒಬ್ಬಿಬ್ಬರಲ್ಲ.

ಆ 750ರಲ್ಲಿ 114 ರೂಪಾಯಿ ಜಿಎಸ್‌ಟಿ. ರಿಪೇರಿ ಕೆಲಸಕ್ಕೆ ಶೇ. 18. ಅದು ನಮ್ಮ ಜೇಬಿಗಲ್ಲ. ಉಳಿದದ್ದು 636. ಬಸವನಗುಡಿಯಿಂದ ವೈಟ್‌ಫೀಲ್ಡ್‌ಗೆ ನಮ್ಮ ಹುಡುಗ ಬೆಳಗ್ಗೆ ಎಂಟಕ್ಕೆ ಹೊರಟರೆ ಹತ್ತಕ್ಕೆ ಮುಟ್ಟುತ್ತಾನೆ. ಗೇಟಲ್ಲಿ ಹೆಸರು ಬರೆಸಿ, ಫೋಟೋ ತೆಗೆಸಿ, ನಿಮ್ಮ ಫೋನಿಗೆ ಒಪ್ಪಿಗೆ ಕೇಳಿ, ನೀವು ಮೀಟಿಂಗ್‌ನಲ್ಲಿದ್ದು ಅದನ್ನು ನೋಡದೆ, ಅಲ್ಲೊಂದು ಇಪ್ಪತ್ತು ನಿಮಿಷ. ದಿನಕ್ಕೆ ಮೂರು ಮನೆ ಆದರೆ ಅವತ್ತು ಹಬ್ಬ. ಅವನ ಸಂಬಳ, ಪೆಟ್ರೋಲು, ಊಟ ಅದರಲ್ಲೇ ಆಗಬೇಕು.

ಕೆಲಸವೂ ಮೊದಲಿನ ಹಾಗಿಲ್ಲ. ಹಳೇ ಫ್ರಿಜ್‌ಗಳಲ್ಲಿ ಆರ್134ಎ ಗ್ಯಾಸ್ ಇತ್ತು. ಈಗಿನವುಗಳಲ್ಲಿ ಆರ್600ಎ. ವಾತಾವರಣಕ್ಕೆ ಒಳ್ಳೆಯದು, ಒಪ್ಪಿದೆ. ಆದರೆ ಅದು ಅಡುಗೆ ಗ್ಯಾಸಿನ ಜಾತಿ, ಬೆಂಕಿ ಹತ್ತುವಂಥದ್ದು. ಬಾಗಿಲು ಕಿಟಕಿ ತೆಗೆದು, ಗ್ಯಾಸ್ ಪೂರ್ತಿ ಹೊರಗೆ ಹೋಗಿದೆ ಅಂತ ನೋಡಿಕೊಂಡೇ ಕೈ ಹಾಕಬೇಕು. ಬೀದಿಯಲ್ಲಿ ಸಿಗುವ ಯಾರನ್ನೋ ಕಳಿಸಲು ನನಗೆ ಧೈರ್ಯವಿಲ್ಲ, ನಿಮ್ಮ ಮನೆಯಲ್ಲಿ ಮಕ್ಕಳಿದ್ದಾರೆ. ಫ್ರಿಜ್‌ನೊಳಗಿನ ಸರ್ಕ್ಯೂಟ್ ಬೋರ್ಡ್ ಸುಟ್ಟರೆ ಹೊರದೇಶದಿಂದಲೇ ಬರಬೇಕು, ಒಂದು ಕೇಳಿದರೆ ಕೊಡುವುದಿಲ್ಲ, ಇಪ್ಪತ್ತು ತಗೊಳ್ಳಿ ಅನ್ನುತ್ತಾರೆ. ಡಾಲರ್ ಏರಿದಾಗೆಲ್ಲ ಅದರ ಬೆಲೆಯೂ ಏರುತ್ತದೆ. ಹದಿನೆಂಟು ಬೋರ್ಡ್ ನಮ್ಮ ಕಪಾಟಿನಲ್ಲಿ ಕೂತಿವೆ. ಕಂಪ್ರೆಸರ್ ಸುಡುವ ಕೇಸುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಏನು ಗೊತ್ತಾ? ಹಿಂದೆ ನಾಲ್ಕು ಬೆರಳು ಜಾಗ ಬಿಡಿ ಅಂತ ನಾವು ಹೇಳಿ ಬಂದಿರುತ್ತೇವೆ. ಆಮೇಲೆ ಇಂಟೀರಿಯರ್‌ನವರು ಬಂದು ಅದನ್ನು ಓವನ್ ಪಕ್ಕ ಪ್ಲೈವುಡ್‌ನಲ್ಲಿ ಬಿಗಿಯಾಗಿ ಕೂರಿಸಿ ಹೋಗುತ್ತಾರೆ. ಬೈಗುಳ ನಮಗೆ.

ಜೇಬಲ್ಲಿ ನಾಲ್ಕು ಸಾವಿರದ ಬಾಟಲಿಯ ಬಿಲ್ಲು ಇಟ್ಟುಕೊಂಡು 750ಕ್ಕೆ ಚೌಕಾಸಿ ಮಾಡಿದವರ ಬಗ್ಗೆ ಏನೋ ಬರೆದಿದ್ದೆ. ನನ್ನ ತಮ್ಮ ಅಳಿಸಿಸಿದ.

750 ಕೊಟ್ಟರೆ ಏನು ಸಿಗುತ್ತದೆ ಅನ್ನುವುದನ್ನೂ ಬರೆಯುತ್ತೇನೆ. ಕೊಟ್ಟ ದಿನ ತಪ್ಪುವುದಿಲ್ಲ. ತಪ್ಪಿದರೆ ಚಾರ್ಜ್ ಇಲ್ಲ. ಹಿಂದಿನ ಫ್ಯಾನ್ ಒರೆಸುತ್ತೇವೆ, ಬಾಗಿಲ ರಬ್ಬರ್ ನೋಡುತ್ತೇವೆ, ಒಳಗೆ ಥರ್ಮಾಮೀಟರ್ ಇಟ್ಟು ನಿಜವಾದ ಡಿಗ್ರಿಯನ್ನು ನಿಮ್ಮ ಕಣ್ಣೆದುರೇ ಚೀಟಿಯಲ್ಲಿ ಬರೆದುಕೊಡುತ್ತೇವೆ. ಆ ಥರ್ಮಾಮೀಟರ್ ನಿಮ್ಮಲ್ಲೇ ಬಿಟ್ಟು ಬರುತ್ತೇವೆ.

ಸಣ್ಣ ಪೆಟ್ಟಿಗೆ ಕೊಂಡು ಎರಡು ವರ್ಷ ತುಂಬದವರಿಗೆ ಅರ್ಧ ಬೆಲೆ ವಾಪಸ್. ಅದನ್ನು ರ‍್ಯಾಕ್‌ಗೆ ಹಾಕಿಕೊಳ್ಳಬಹುದು, ಕಂಪ್ರೆಸರ್ ಫ್ರಿಜ್‌ಗೆ ಹಾಕಿಕೊಳ್ಳಬಹುದು, ಏನೂ ಬೇಡ ಅಂದರೆ ದುಡ್ಡೇ ಕೊಡುತ್ತೇವೆ. ಪೂರ್ತಿ ಯಾಕಿಲ್ಲ ಅಂದರೆ ಪೂರ್ತಿ ಕೊಟ್ಟರೆ ಅಂಗಡಿ ಮುಚ್ಚಬೇಕಾಗುತ್ತದೆ, ಅಷ್ಟೇ. ಎರಡು ವರ್ಷ ದಾಟಿದವರು ಒಮ್ಮೆ ಫೋನ್ ಮಾಡಿ, ಮಾತಾಡೋಣ. ಬಿಲ್ಲು ಕಳೆದಿದ್ದರೆ ಚಿಂತೆಯಿಲ್ಲ, ನಮ್ಮ ಪುಸ್ತಕದಲ್ಲಿದೆ.

ರ‍್ಯಾಕ್ ಕೊಳ್ಳುವವರಿಗೆ ಒಂದು ಮಾತು. ನಮ್ಮ ಸಿಲ್ವರ್ ಓಕ್ ರ‍್ಯಾಕ್‌ನ ಗೂಡು ನೇರ ಭುಜದ ಬಾಟಲಿಗೆ ಸರಿಯಾಗಿತ್ತು. ಪಿನೋ ನ್ವಾರ್, ಶಾರ್ಡನೆ ಅನ್ನುವ ವೈನ್‌ಗಳು ಬರುವ ಇಳಿಭುಜದ ಬಾಟಲಿ ಹೊಟ್ಟೆ ದಪ್ಪ, ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನಮ್ಮ ಬಡಗಿ ಅಣ್ಣ ಕೆಳಗಿನ ಸಾಲಿನ ಗೂಡನ್ನು ಒಂದು ಬೆರಳು ಅಗಲ ಮಾಡಿದ್ದಾರೆ. ಬೆಲೆ ಅದೇ. ಇದನ್ನು ಕೇಳಿ ಕೇಳಿ ಸುಸ್ತಾಗಿದ್ದವರು ಬಂದು ನೋಡಿ.

ಬೆಳಗ್ಗೆ ಹುಡುಗ ಮನೆಗಳಿಗೆ ಹೋಗಿರುತ್ತಾನೆ. ಸಂಜೆ ನಾಲ್ಕರ ಮೇಲೆ ಫೋನ್ ಮಾಡಿದರೆ ನಾನೇ ಎತ್ತುತ್ತೇನೆ. ಮೊದಲ ಕರೆ ಮೇಷ್ಟ್ರಿಗೆ ನಾವೇ ಮಾಡಿದೆವು. ಅವರು ಫ್ರಿಜ್ ಬೇಡ ಅಂದರು, ಆರು ಬಾಟಲಿಯ ರ‍್ಯಾಕ್ ಸಾಕಂತೆ.

ಇಂತಿ ನಿಮ್ಮ,
ಅಣ್ಣ ತಮ್ಮ ಇಬ್ಬರೂ

ತಾ.ಕ.: ವಾಪಸ್ ಕೊಡುವ ಫ್ರಿಜ್ ತರುವಾಗ ದಯವಿಟ್ಟು ಬಾಟಲಿ ತೆಗೆದಿಟ್ಟು ಬನ್ನಿ. ಮೊನ್ನೆ ಒಬ್ಬರು ಎಂಟೂ ಬಾಟಲಿ ಸಮೇತ ಆಟೋದಲ್ಲಿ ತಂದಿಳಿಸಿದರು. ನಮ್ಮಲ್ಲಿರುವುದು ಮರಗೆಲಸ ಮತ್ತು ರಿಪೇರಿಯ ಲೈಸೆನ್ಸ್, ಮದ್ಯದ್ದಲ್ಲ.