ಹಗ್ಗದ ಮಾಮ ಹೋದ ಮೇಲೆ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಹಗ್ಗದ ಮಾಮ ತೀರಿಕೊಂಡ ಸುದ್ದಿಯನ್ನು ನಿನಗೆ ಎರಡು ಸಾಲಿನ ಸಂದೇಶದಲ್ಲಿ ತಿಳಿಸಿದ್ದು ನನ್ನ ತಪ್ಪು. ಅದಕ್ಕೂ ಮೂರು ದಿನ ಮೊದಲು, ಬರುವ ಶನಿವಾರ ಮೊದಲ ಬಾರಿಗೆ ಬಂಡೆಯ ಮೇಲೆ ಲೀಡ್ ಮಾಡುತ್ತೇನೆ, ಹಗ್ಗವನ್ನು ಕೆಳಗಿನಿಂದ ನಾನೇ ಒಯ್ಯುತ್ತ ಮುಂದೆ ಹತ್ತುತ್ತೇನೆಂದು ನೀನು ಹೇಳಿದಾಗ ಕೂಗಾಡಿದ್ದು ಇನ್ನೂ ದೊಡ್ಡ ತಪ್ಪು. ಅವನು ಹಾಸಿಗೆ ಹಿಡಿದು ಆರು ತಿಂಗಳಾಗಿತ್ತು. ನಿನಗೆ ಹೇಳಬಾರದೆಂದು ಅವನೇ ಕೇಳಿಕೊಂಡಿದ್ದ. ಅವನು ನಿನಗೆ ಗೋಡೆ ಹತ್ತಲು ಕಲಿಸಿದ ದಿನಗಳನ್ನು ನಾನು ನೆನಪಿಸಬೇಕಾಗಿಲ್ಲ. ನಾನು ಬರೆಯಬೇಕಾದದ್ದು ನಿನಗೂ ನಿನ್ನ ಅಮ್ಮನಿಗೂ ಗೊತ್ತಿಲ್ಲದ ಒಂದು ಬೆಳಗಿನ ಸಂಗತಿ.

ನೀನು ಹುಟ್ಟುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಅವನೂ ನಾನೂ ಜೊತೆಯಾಗಿ ಹತ್ತುತ್ತಿದ್ದ ಆ ಬಂಡೆ ನಮಗೆ ಪಳಗಿದ್ದು. ಎಂಟರ ಆಕಾರದ ಗಂಟಿನ ಮೊದಲ ಸುತ್ತನ್ನು ಹಾಕಿ, ಹಗ್ಗದ ತುದಿಯನ್ನು ಸೊಂಟಕ್ಕೆ ಬಿಗಿದ ಹಾರ್ನೆಸ್‌ನ ಎರಡೂ ಕುಣಿಕೆಗಳಲ್ಲಿ ತೂರಿಸಿ, ಇನ್ನು ಅದೇ ಜಾಡು ಹಿಡಿದು ಹಿಂದಕ್ಕೆ ಹೆಣೆಯಬೇಕು ಎನ್ನುವಷ್ಟರಲ್ಲಿ ಅವನು ಗಾಳಿಯ ಬಗ್ಗೆ ಏನೋ ಕೇಳಿದ. ನಾನು ಉತ್ತರ ಕೊಟ್ಟೆ, ಕೈಗೆ ಚಾಕ್ ಪುಡಿ ಹಚ್ಚಿಕೊಂಡೆ, ಬಂಡೆಯ ಮೇಲೆ ಕೈಯಿಟ್ಟೆ. "ನಿಲ್ಲು" ಎಂದ. ಹತ್ತಿರ ಬಂದು ನನ್ನ ಜಾಕೆಟ್ ಎತ್ತಿ ಹಗ್ಗವನ್ನು ಮೆಲ್ಲನೆ ಎಳೆದ. ಅದು ಹಾರ್ನೆಸ್‌ನಿಂದ ಸದ್ದಿಲ್ಲದೆ ಜಾರಿ ಅವನ ಕೈಗೆ ಬಂತು. ಬಣ್ಣ ಮಾಸಿದ ನೀಲಿ ಹಗ್ಗ, ಎಳೆ ಬಿಚ್ಚದಂತೆ ಕರಗಿಸಿದ ಅದರ ಕಪ್ಪು ಮೊನೆ, ಅದರ ಕೆಳಗೆ ಅವನ ಬಿಳಿಚಿದ ಅಂಗೈ. ಇಷ್ಟು ವರ್ಷಗಳಾದರೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ.

ಅವನು ಒಂದು ಮಾತೂ ಆಡಲಿಲ್ಲ. ತುದಿಯನ್ನು ನನ್ನ ಕೈಗಿತ್ತ. ನಾನು ಗಂಟು ಹಾಕಿದ ಮೇಲೆ ಅದರ ನಾಲ್ಕೂ ಎಳೆಗಳನ್ನು ಒಂದೊಂದಾಗಿ ಜಗ್ಗಿ ನೋಡಿ, "ಹತ್ತು" ಎಂದ. ಅಂದೂ ಹತ್ತಿದೆವು, ಆಮೇಲೂ ಒಂಬತ್ತು ವರ್ಷ ಹತ್ತಿದೆವು. ಹೊಸಬರಿಗೆ ಕಲಿಸುವಾಗಲೆಲ್ಲ ಅವನು ಲಿನ್ ಹಿಲ್ ಕಥೆ ಹೇಳುತ್ತಿದ್ದ. ಬಂಡೆ ಹತ್ತುವವರಲ್ಲಿ ಜಗತ್ತಿನ ಅತ್ಯುತ್ತಮರಲ್ಲಿ ಒಬ್ಬಳಾದ ಆಕೆ 1989ರಲ್ಲಿ ಫ್ರಾನ್ಸಿನ ಬಂಡೆಯೊಂದರಲ್ಲಿ ಗಂಟು ಪೂರ್ತಿ ಮಾಡದೆ ಹತ್ತಿ, ಇಳಿಯಲೆಂದು ಹಗ್ಗಕ್ಕೆ ಭಾರ ಬಿಟ್ಟೊಡನೆ 20 ಮೀಟರ್‌ಗೂ ಹೆಚ್ಚು ಕೆಳಗೆ ಬಿದ್ದಳು. ಮರವೊಂದು ತಡೆದದ್ದರಿಂದ ಉಳಿದಳು. 1993ರಲ್ಲಿ ಅಮೆರಿಕದ ಎಲ್ ಕ್ಯಾಪಿಟನ್ ಎಂಬ ಬೃಹತ್ ಬಂಡೆಯ ನೋಸ್ ಎಂಬ ದಾರಿಯನ್ನು ಹಗ್ಗಕ್ಕೆ ಜೋತು ಬೀಳದೆ ಹತ್ತಿದ ಮೊದಲಿಗಳೂ ಆದಳು. ನನ್ನ ಕಥೆ ಪಕ್ಕದಲ್ಲೇ ಇದ್ದರೂ ಅವನು ದೂರದ ಅವಳ ಕಥೆಯನ್ನೇ ಆರಿಸಿಕೊಳ್ಳುತ್ತಿದ್ದ, ಹೇಳುವಾಗ ನನ್ನ ಕಡೆ ಒಮ್ಮೆಯೂ ತಿರುಗುತ್ತಿರಲಿಲ್ಲ. ನನ್ನ ಮಾನವನ್ನು ಅವನು ಹಾಗೆ ಕಾಪಾಡಿದ. ನಾನು ಮಾತ್ರ ಒಂದು ದಿನವೂ ಅವನಿಗೆ ಕೃತಜ್ಞತೆ ಹೇಳಲಿಲ್ಲ. ಕೊನೆಯ ಸಲ ನೋಡಲು ಹೋದಾಗ ಹೇಳಬೇಕೆಂದಿದ್ದೆ. ಅವನು ನಿನ್ನ ಬಗ್ಗೆ, ನಿನ್ನ ಕಾಲಿನ ಹಿಡಿತದ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಲೇ ಇದ್ದ, ನಾನು ಕೇಳುತ್ತ ಕುಳಿತುಬಿಟ್ಟೆ.

ನಿನ್ನ ಮೇಲೆ ರೇಗಿದ್ದು ಈ ಭಯದಿಂದ. ನಿನ್ನ ಕೈ ಸೋಲುತ್ತದೆಂಬ ಭಯ ನನಗಿಲ್ಲ. ಆ ವಿಷಯದಲ್ಲಿ ನನ್ನ ಹೆಮ್ಮೆ ಅವನದಕ್ಕಿಂತ ಕಡಿಮೆಯದಲ್ಲ. ಆದರೆ ಗಂಟು ಹಾಕುವಾಗ ಯಾರು ಮಾತಾಡಿಸಿದರೂ ಉತ್ತರಿಸಬೇಡ. ಬೆಲೇ ಕೊಡುವವರ, ಅಂದರೆ ಕೆಳಗೆ ನಿಂತು ನಿನ್ನ ಹಗ್ಗ ಹಿಡಿಯುವವರ, ಸಾಧನವನ್ನು ನೀನು ನೋಡು, ನಿನ್ನ ಗಂಟನ್ನು ಅವರಿಗೆ ತೋರಿಸು, ಎಷ್ಟು ಹಳೆಯ ಜೊತೆಗಾರರಾದರೂ ಸಂಕೋಚ ಬೇಡ. ಇಳಿಸುವಾಗ ಹಗ್ಗ ಮುಗಿದು ಕೈಜಾರದಂತೆ ಅದರ ಇನ್ನೊಂದು ತುದಿಗೂ ಗಂಟಿರಲಿ. ಹೆಲ್ಮೆಟ್ ಚೀಲದಲ್ಲಿದ್ದರೆ ಸಾಲದು. ಬುದ್ಧಿ ಹೇಳಬಾರದೆಂದುಕೊಂಡೇ ಬರೆಯಲು ಕುಳಿತಿದ್ದೆ, ಕ್ಷಮಿಸು.

ನಮ್ಮ ಆ ನೀಲಿ ಹಗ್ಗ ಇನ್ನೂ ನನ್ನ ಬಳಿಯೇ ಇತ್ತು. ನೈಲಾನ್ ಹಗ್ಗವನ್ನು ಬಳಸದೆ ಇಟ್ಟಿದ್ದರೂ 10 ವರ್ಷ ದಾಟಿದ ಮೇಲೆ ನಂಬಬಾರದೆಂದು ತಯಾರಿಸುವವರೇ ಹೇಳುತ್ತಾರೆ. ಇದಕ್ಕೆ ಅದರ ಎರಡರಷ್ಟು ವಯಸ್ಸು. ಯಾರೂ ಮರೆತು ಬಳಸದಿರಲೆಂದು ನಿನ್ನೆ ಅದನ್ನು ತುಂಡು ತುಂಡಾಗಿ ಕತ್ತರಿಸಿದೆ. ಕಪ್ಪು ಮೊನೆಯಿರುವ ಎರಡು ಮೀಟರ್ ತುಂಡನ್ನು ಈ ಪತ್ರದ ಜೊತೆ ಕಳುಹಿಸುತ್ತಿದ್ದೇನೆ. ಶುಕ್ರವಾರ ರಾತ್ರಿ ಅದನ್ನು ನಿನ್ನ ಹಾರ್ನೆಸ್‌ಗೆ ತೂರಿಸಿ ಗಂಟು ಹಾಕಿ, ನಾಲ್ಕೂ ಎಳೆ ಕಾಣುವಂತೆ ಫೋಟೋ ತೆಗೆದು ಕಳುಹಿಸು. ನಾನು ನೋಡಿ "ಹತ್ತು" ಎನ್ನುತ್ತೇನೆ.

ನಿನ್ನ
ಅಪ್ಪ