ತಾವರೆ ಗೆಡ್ಡೆಯ ಸಾರು

ಪುಟ್ಟೀ,

ನಿನ್ನ ಮೆಸೇಜು ಓದಿದೆ. ಚೀನಾದ ಚಾಂಗ್‌ಶಾಗೆ ಪುರಾತತ್ವ ಓದಲು ಹೋಗಿ ಮೂರು ತಿಂಗಳಾಯಿತು, ಇನ್ನೂ ಒಂದು ಗೋರಿಗೂ ಇಳಿಸಿಲ್ಲ, ಬರೀ ಮಣ್ಣು ಜರಡಿ ಹಿಡಿಸುತ್ತಾರೆ, ಪಟ್ಟಿ ಬರೆಸುತ್ತಾರೆ ಅಂತ ಮುನಿಸಿಕೊಂಡಿದ್ದೀಯ. ನಾನಂತೂ ನಿನ್ನ ಮೇಷ್ಟ್ರ ಪರವೇ ಮಾತಾಡುವವನು.

ನೀನಿರುವ ಊರಲ್ಲೇ ಮವಾಂಗ್‌ದುಯಿ ಇದೆಯಲ್ಲ, 1972ರಲ್ಲಿ ಶಿನ್ ಝೂಯಿ ಅನ್ನುವ ಹಾನ್ ರಾಜವಂಶದ ಕಾಲದ ದೊಡ್ಡಮನೆ ಹೆಂಗಸಿನ ಗೋರಿ ತೆಗೆದ ಜಾಗ. ಅಲ್ಲಿ ಅರಗಿನ ಬಣ್ಣ ಬಳಿದ ಒಂದು ಪಾತ್ರೆ ಸಿಕ್ಕಿತು. ಮುಚ್ಚಳ ತೆಗೆದರೆ ಒಳಗೆ ನೀರು, ನೀರಿನ ಮೇಲೆ ತೇಲುತ್ತಿದ್ದ ತಾವರೆ ಗೆಡ್ಡೆಯ ಹೋಳುಗಳು. ತೂತುಗಳೂ ಕಾಣುತ್ತಿದ್ದವು! 2,100 ವರ್ಷದ ಹಿಂದೆ ಯಾರೋ ಹೆಚ್ಚಿ ಹಾಕಿದ ಸಾರು ಅದು. ಪುಣ್ಯಕ್ಕೆ ಫೋಟೋ ತೆಗೆದರು. ಯಾಕೆಂದರೆ ಪಾತ್ರೆ ಎತ್ತಿ ಸಾಗಿಸುವಷ್ಟರಲ್ಲಿ, ಆ ಕುಲುಕಾಟಕ್ಕೆ ಹೋಳುಗಳೆಲ್ಲ ನೀರಲ್ಲಿ ಕರಗಿ ಹೋಗಿದ್ದವು. ಯಾರದೂ ತಪ್ಪಿಲ್ಲ, ಆದರೂ ಹೋಯಿತು.

ಅಷ್ಟು ಕಾಲ ಅದು ಉಳಿದಿದ್ದಾದರೂ ಹೇಗೆ? ಒಂದರೊಳಗೊಂದು ನಾಲ್ಕು ಶವಪೆಟ್ಟಿಗೆ, ಸುತ್ತ ಇದ್ದಿಲು, ಅದರಾಚೆ ಬಿಳಿ ಜೇಡಿಮಣ್ಣಿನ ದಪ್ಪ ಪದರ. ಗಾಳಿ ಇಲ್ಲ, ನೀರು ಒಸರುವುದಿಲ್ಲ. 20 ಪದರ ಬಟ್ಟೆ ಸುತ್ತಿದ್ದ ಆಕೆಯ ಮೈ ಇನ್ನೂ ಮೆತ್ತಗೇ ಇತ್ತು, ಕೈಕಾಲಿನ ಕೀಲು ಮಡಿಸಬಹುದಿತ್ತು. ಡಾಕ್ಟರುಗಳು ಕೊಯ್ದು ನೋಡಿದಾಗ ಒಳಗೆ 138 ಕರಬೂಜದ ಬೀಜ ಸಿಕ್ಕವು, ಹಣ್ಣು ತಿಂದ ಸ್ವಲ್ಪ ಹೊತ್ತಿಗೇ ಜೀವ ಹೋಗಿರಬೇಕು ಪಾಪ.

ಇನ್ನು ನಿನಗೆ ಬೇಜಾರು ತರಿಸುವ ಪಟ್ಟಿ. ಆ ಗೋರಿಯಲ್ಲೂ ಪಟ್ಟಿ ಇತ್ತು ಕಣೇ, 312 ಬಿದಿರಿನ ಸೀಳುಗಳ ಮೇಲೆ ಬರೆದದ್ದು. ಸತ್ತವರಿಗೂ ಬದುಕಿದ್ದವರ ಹಾಗೇ ಊಟ, ಬಟ್ಟೆ, ಆಳುಕಾಳು ಎಲ್ಲ ಬೇಕು ಅನ್ನುವ ನಂಬಿಕೆ ಅವರದು. ಮನೆ ಬಿಟ್ಟು ಇನ್ನೊಂದು ಮನೆಗೆ ಸಾಮಾನು ಸಾಗಿಸುವವರ ಹಾಗೆ, ಇಂಥ ಮಾಂಸದ ಅಡುಗೆ, ಇಷ್ಟು ಪಾತ್ರೆ ಅಂತ ಬರೆದು ಇಟ್ಟಿದ್ದರು. ಯಾವುದರಲ್ಲಿ ಏನಿತ್ತು ಅಂತ ಇವತ್ತು ಹೇಳಲು ಆಗುವುದರಲ್ಲಿ ಆ ಪಟ್ಟಿ ಬರೆದ ಗುಮಾಸ್ತನ ಪಾಲು ಸಣ್ಣದಲ್ಲ. ನೀನು ಬರೆಯುವಾಗ ಅಕ್ಷರ ಮಾತ್ರ ನೆಟ್ಟಗಿರಲಿ.

ಅವಸರ ಮಾಡಿದ್ದಕ್ಕೆ ಏನಾಯಿತು ಅಂತ ಬೇಕಿದ್ದರೆ ಬೀಜಿಂಗ್ ಹತ್ತಿರದ ದಿಂಗ್‌ಲಿಂಗ್ ಕಥೆ ಕೇಳು. ಮಿಂಗ್ ರಾಜವಂಶದ ಚಕ್ರವರ್ತಿ ವಾನ್‌ಲಿಯ ಗೋರಿ. 1956ರಲ್ಲಿ ಅಗೆಯಲು ಶುರು ಮಾಡಿದರು, ಮಾರನೇ ವರ್ಷ ಒಳಗೆ ಹೊಕ್ಕರು, ರಾಶಿ ರಾಶಿ ರೇಷ್ಮೆ ಸಿಕ್ಕಿತು. ಅದನ್ನು ಉಳಿಸುವ ವಿದ್ಯೆ ಮಾತ್ರ ಆಗ ಯಾರ ಕೈಯಲ್ಲೂ ಇರಲಿಲ್ಲ. ಬಣ್ಣ ಕಂದಿತು, ಬಟ್ಟೆ ಗಡುಸಾಗಿ ಮುರಿಯತೊಡಗಿತು. ಹಳೇ ಶವಪೆಟ್ಟಿಗೆಗಳನ್ನು 1959ರಲ್ಲಿ ಎಸೆದೇ ಬಿಟ್ಟರು. 1966ರಲ್ಲಿ ಮಾವೋನ ಸಾಂಸ್ಕೃತಿಕ ಕ್ರಾಂತಿಯ ರೆಡ್ ಗಾರ್ಡ್ ಹುಡುಗರು ಬಂದು ರಾಜ, ಇಬ್ಬರು ರಾಣಿಯರ ಮೂಳೆಗಳನ್ನು ಹೊರಗೆಳೆದು ಸುಟ್ಟರು. ಮಣ್ಣಡಿ ಇದ್ದಿದ್ದರೆ ಅವರ ಪಾಡಿಗೆ ಅವರು ಇರುತ್ತಿದ್ದರು, ಅಲ್ವಾ? ಚೀನಾದವರು ಇವತ್ತಿಗೂ ತಮ್ಮ ಮೊದಲ ಚಕ್ರವರ್ತಿ ಚಿನ್ ಶಿ ಹ್ವಾಂಗ್‌ನ ಗೋರಿ ತೆರೆದಿಲ್ಲ. ಪಕ್ಕದಲ್ಲೇ ಮಣ್ಣಿನ ಸೈನಿಕರು ಸಿಕ್ಕಿ 50 ವರ್ಷ ದಾಟಿದರೂ ತೆರೆದಿಲ್ಲ.

ಉಪದೇಶ ಮಾಡುವ ನಾನೇನು ಸಾಚಾ ಅಲ್ಲ. ಮ್ಯೂಸಿಯಂ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಾಹೇಬರು ಬರುತ್ತಾರೆ ಅಂತ ಒಂದು ಹಳೇ ಮಣ್ಣಿನ ಬೊಂಬೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬೊಂಬೆಯ ಕಣ್ಣು ಬಟ್ಟೆಗೆ ಬಂತು. ನಿನ್ನ ದೊಡ್ಡಮ್ಮನಿಗೂ ಹೇಳಿಲ್ಲ ಇದನ್ನ.

ಇನ್ನೊಂದು. ಶಿನ್ ಝೂಯಿಯ ತಟ್ಟೆಗಳ ಮೇಲೆ ಮೂರು ಅಕ್ಷರ ಬರೆದಿದೆ, ‘ದಯವಿಟ್ಟು ಊಟ ಮಾಡಿ’ ಅನ್ನುವ ಅರ್ಥದಲ್ಲಿ. ಈಗ ನಿನಗೆ ಚೀನೀ ಓದಲು ಬರುತ್ತಲ್ಲ, ಮ್ಯೂಸಿಯಂಗೆ ಹೋದಾಗ ಒಂದು ಫೋಟೋ ತೆಗೆದು ಕಳಿಸು. ಫ್ಲ್ಯಾಷ್ ಹಾಕಬೇಡ.

ನಿನ್ನ ದೊಡ್ಡಪ್ಪ