ಕ್ಲಬ್ ಜೆರ್ಸಿಗಳ ಮುಂಗಡ ಬುಕಿಂಗ್ ನಿಯಮ ಬದಲಾವಣೆ: ಗ್ರಾಹಕರಿಗೆ ಪತ್ರ

ಕಾರವಾರ

ಮಾನ್ಯ ಗ್ರಾಹಕರೇ,

ನಮಸ್ಕಾರಗಳು. ಫುಟ್‌ಬಾಲ್ ಕ್ಲಬ್‌ಗಳ ಅಧಿಕೃತ ಜೆರ್ಸಿಗಳನ್ನು ಋತು ಆರಂಭವಾಗುವುದಕ್ಕೆ ಮೊದಲೇ ಪೂರ್ಣ ಹಣ ಪಡೆದು ಬುಕ್ ಮಾಡಿಕೊಳ್ಳುತ್ತಿದ್ದ ಪದ್ಧತಿಯನ್ನು, ಕ್ಲಬ್ಬಿನ ಒಡೆತನ ಬದಲಾದಾಗ ಜೆರ್ಸಿಯೂ ಬದಲಾಗಬಹುದಾದ್ದರಿಂದ, ನಮ್ಮ ಸಹಕಾರ ಸಂಘದ ಆಡಳಿತ ಮಂಡಳಿಯು ಕೈಬಿಟ್ಟಿದೆ. ಇನ್ನು ಮುಂದೆ ಬೆಲೆಯ ಕಾಲು ಭಾಗವನ್ನು ಮಾತ್ರ ಮುಂಗಡವಾಗಿ ಪಡೆಯಲಾಗುವುದು. ಅದನ್ನೂ ಕ್ಲಬ್ ತನ್ನ ಹೊಸ ಜೆರ್ಸಿಯನ್ನು ಅಧಿಕೃತವಾಗಿ ಬಿಡುಗಡೆ ಮಾಡಿದ ಮೇಲಷ್ಟೇ ಸ್ವೀಕರಿಸಲಾಗುವುದು. ಮಾರಾಟದ ಮಾತುಕತೆಯಲ್ಲಿರುವ ಕ್ಲಬ್‌ಗಳ ವಿಷಯದಲ್ಲಿ, ಸರಕು ಮಳಿಗೆಗೆ ಬಂದು ತಾವು ಅದನ್ನು ನೋಡಿ ಒಪ್ಪುವವರೆಗೆ ಹೆಸರು ಮತ್ತು ಸಂಖ್ಯೆಯನ್ನು ಅಚ್ಚು ಹಾಕುವುದಿಲ್ಲ. ಮಾಲಾದೇವಿ ಮೈದಾನದಲ್ಲಿ ಆಡುವ ಸ್ಥಳೀಯ ತಂಡಗಳಿಗೂ ಶಾಲೆ-ಕಾಲೇಜುಗಳಿಗೂ ನಮ್ಮ ಸದಸ್ಯೆಯರೇ ಹೊಲಿದು ಕೊಡುವ ಉಡುಪುಗಳಿಗೆ ಈ ಬದಲಾವಣೆ ಅನ್ವಯಿಸುವುದಿಲ್ಲ.

ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಕ್ಲಬ್ ಕೈ ಬದಲಾದರೆ ಕಾರವಾರದ ಮಳಿಗೆಗೆ ಏನಾಗಬೇಕು ಎಂದು ಕೆಲವರು ಕೇಳಿದ್ದಾರೆ. ಜೆರ್ಸಿಯ ಎದೆಯ ಮೇಲಿರುವ ಲಾಂಛನ, ಪ್ರಾಯೋಜಕರ ಹೆಸರು, ತಯಾರಕರ ಗುರುತು ಇವೆಲ್ಲವೂ ಕ್ಲಬ್ಬಿನ ಒಡೆತನ ಯಾರಲ್ಲಿದೆಯೋ ಅವರ ಕಾಲದಲ್ಲಿ ಆದ ಒಪ್ಪಂದಗಳ ಫಲ. ಒಡೆತನ ಅಲುಗಾಡಿದಾಗ ಮೊದಲು ಪೆಟ್ಟು ಬೀಳುವುದು ಇವಕ್ಕೇ. 2022ರ ಮಾರ್ಚ್ 10ರಂದು ಬ್ರಿಟಿಷ್ ಸರ್ಕಾರವು ಲಂಡನ್ನಿನ ಚೆಲ್ಸಿ ಕ್ಲಬ್ಬಿನ ಮಾಲೀಕ, ರಷ್ಯಾದ ಉದ್ಯಮಿ ರೋಮನ್ ಅಬ್ರಮೋವಿಚ್ ಅವರ ಆಸ್ತಿಯನ್ನು ಸ್ತಂಭನಗೊಳಿಸಿದಾಗ, ಕ್ಲಬ್ ಪಂದ್ಯಗಳನ್ನು ಆಡಲು ವಿಶೇಷ ಪರವಾನಗಿ ದೊರೆಯಿತಾದರೂ, ಅದರ ಸ್ವಂತ ಮಳಿಗೆಯಲ್ಲಿ ಒಂದು ಜೆರ್ಸಿಯನ್ನೂ ಮಾರುವಂತಿರಲಿಲ್ಲ. ಮುಖ್ಯ ಪ್ರಾಯೋಜಕನಾದ ‘ತ್ರೀ’ ಎಂಬ ಮೊಬೈಲ್ ಸೇವಾ ಸಂಸ್ಥೆ ತನ್ನ ಒಪ್ಪಂದವನ್ನು ತಡೆಹಿಡಿದು, ಅಂಗಿಯ ಮೇಲಿನ ತನ್ನ ಹೆಸರನ್ನು ತೆಗೆಯುವಂತೆ ಕೇಳಿತು. ಅದಕ್ಕೆ ಮೊದಲೇ ಸರಕು ಕೊಂಡಿದ್ದ ಹೊರಗಿನ ವ್ಯಾಪಾರಿಗಳು ಕ್ಲಬ್ಬಿಗೆ ಹಣ ಹೋಗದಂತೆ ಅದನ್ನು ಮಾರಬಹುದಿತ್ತು, ಅಷ್ಟೇ. ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ಹೂಡಿಕೆದಾರ ಟಾಡ್ ಬೋಲಿ ಮತ್ತು ಹೂಡಿಕೆ ಸಂಸ್ಥೆ ಕ್ಲಿಯರ್‌ಲೇಕ್ ಕ್ಯಾಪಿಟಲ್ ಒಳಗೊಂಡ ಗುಂಪು 250 ಕೋಟಿ ಪೌಂಡ್‌ಗಳಿಗೆ ಕ್ಲಬ್ಬನ್ನು ಕೊಂಡಿತು. ಕ್ಲಬ್ ಹಳೆಯ ಮಾಲೀಕರಿಗೆ ಕೊಡಬೇಕಾಗಿದ್ದ 150 ಕೋಟಿ ಪೌಂಡ್‌ಗೂ ಮೀರಿದ ಸಾಲವನ್ನು ಅವರು ವಾಪಸು ಕೇಳುವುದಿಲ್ಲ ಎಂದಿದ್ದರಿಂದಲೇ ಈ ವ್ಯವಹಾರ ದಡ ಸೇರಿತೆನ್ನಬಹುದು.

ಮ್ಯಾಂಚೆಸ್ಟರ್ ಯುನೈಟೆಡ್‌ನ ಕಥೆ ಇನ್ನೊಂದು ಬಗೆಯದು. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬವು ಸುಮಾರು 79 ಕೋಟಿ ಪೌಂಡ್‌ಗಳಿಗೆ ಅದನ್ನು ಕೊಂಡಾಗ, ಹಣದ ದೊಡ್ಡ ಪಾಲು ಸಾಲವಾಗಿತ್ತು, ಮತ್ತು ಆ ಸಾಲದ ಬಹುಭಾಗದ ಹೊರೆ ಕೊನೆಗೆ ಕ್ಲಬ್ಬಿನ ಮೇಲೆಯೇ ಬಿತ್ತು. ಸಾಲ ಮಾಡಿ ಅಡಿಕೆ ತೋಟ ಕೊಂಡು ಫಸಲಿನಿಂದಲೇ ಕಂತು ಕಟ್ಟುವುದು ನಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ; ಆದರೆ ಕಂತಿಗೆ ಹೋದ ಹಣ ಗೊಬ್ಬರಕ್ಕೆ ಉಳಿಯುವುದಿಲ್ಲವೆಂಬುದೂ ಅವರಿಗೆ ಗೊತ್ತು. ಸಿಟ್ಟಾದ ಕೆಲವು ಅಭಿಮಾನಿಗಳು ಅದೇ ವರ್ಷ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ಸದಸ್ಯರದೇ ಕ್ಲಬ್ ಕಟ್ಟಿದರು. 2010ರಲ್ಲಿ ಪ್ರತಿಭಟನೆಯ ಗುರುತಾಗಿ ಗ್ಯಾಲರಿಗಳ ತುಂಬ ಕ್ಲಬ್ಬಿನ ಕೆಂಪಿನ ಬದಲು ಹಸಿರು-ಹಳದಿ ಸ್ಕಾರ್ಫ್‌ಗಳೇ ಕಾಣತೊಡಗಿದವು; ಅವು ಕ್ಲಬ್ಬಿನ ಮೂಲರೂಪವಾದ ನ್ಯೂಟನ್ ಹೀತ್‌ನ ಬಣ್ಣಗಳು. 2022ರ ನವೆಂಬರ್‌ನಲ್ಲಿ ಮಾರಾಟದ ಸಾಧ್ಯತೆಯನ್ನೂ ಪರಿಶೀಲಿಸುವುದಾಗಿ ಮಾಲೀಕರು ಪ್ರಕಟಿಸಿದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಊಹಾಪೋಹ ನಡೆದು, 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಉದ್ಯಮಿ ಜಿಮ್ ರಾಟ್‌ಕ್ಲಿಫ್ ಅವರಿಗೆ ಕಾಲು ಭಾಗಕ್ಕಿಂತ ತುಸು ಹೆಚ್ಚಿನ ಪಾಲು ಮಾತ್ರ ಹೋಯಿತು. ಮಾರಾಟದ ಸುದ್ದಿಯನ್ನು ನಂಬಿ ಸರಕು ತರಿಸುವುದು ಎಷ್ಟು ಕಷ್ಟವೆಂಬುದಕ್ಕೆ ಈ ಒಂದು ವರ್ಷವೇ ಸಾಕು.

ಮಾಜಾಳಿ ಗಡಿ ದಾಟಿ ಗೋವಾದ ಮಡಗಾಂವದ ಫಾತೋರ್ಡಾ ಮೈದಾನಕ್ಕೆ ಹೋಗುವ ನಮ್ಮ ಗ್ರಾಹಕರಿಗೆ ಭಾರತದ ಫುಟ್‌ಬಾಲ್ ಲೀಗಾದ ಇಂಡಿಯನ್ ಸೂಪರ್ ಲೀಗ್‌ನ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಪುಣೆ ಸಿಟಿ ತಂಡ 2019ರಲ್ಲಿ ಮುಚ್ಚಿ ಅದರ ಜಾಗಕ್ಕೆ ಹೈದರಾಬಾದ್ ತಂಡ ಬಂತು. ಸಂಬಳದ ಬಾಕಿಗಳಲ್ಲಿ ಸಿಲುಕಿದ ಆ ತಂಡವೂ ಮಾಲೀಕರು ಬದಲಾದ ಮೇಲೆ 2025ರಲ್ಲಿ ಹೆಸರು ಬದಲಿಸಿಕೊಂಡು ದಿಲ್ಲಿಗೆ ಹೋಯಿತು. ದಿಲ್ಲಿಯ ಡೈನಮೋಸ್ ತಂಡ ಅದಕ್ಕೆ ಮುಂಚೆಯೇ, 2019ರಲ್ಲಿ, ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಗಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2010ರಲ್ಲಿ ಮಾಡಿಕೊಂಡಿದ್ದ, ಈ ಲೀಗಿಗೆ ಆಧಾರವಾಗಿದ್ದ 15 ವರ್ಷಗಳ ವಾಣಿಜ್ಯ ಒಪ್ಪಂದದ ಅವಧಿ ಮುಗಿಯುತ್ತ ಬಂದು ನವೀಕರಣವಾಗದೆ ಉಳಿದಿದ್ದರಿಂದ, 2025ರ ಜುಲೈಯಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಮುಂದಿನ ಋತುವನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತು. ಪಂದ್ಯ ಯಾವಾಗ ಎಂದೇ ತಿಳಿಯದಂಥ ಹೊತ್ತಿನಲ್ಲಿ ಗ್ರಾಹಕರ ಪೂರ್ಣ ಹಣವನ್ನು ಇಟ್ಟುಕೊಂಡಿರುವುದು ನಮಗೆ ಸರಿ ಕಾಣುವುದಿಲ್ಲ.

ಸದಸ್ಯರೇ ಮಾಲೀಕರಾಗಿರುವ ಕ್ಲಬ್‌ಗಳ ಜೆರ್ಸಿಗಳಿಗಾದರೂ ಹಳೆಯ ನಿಯಮ ಇರಲಿ ಎಂಬ ಸಲಹೆ ನಮ್ಮ ಸಭೆಯಲ್ಲೇ ಬಂದಿತ್ತು. ನಾವೂ ಷೇರುದಾರ ಸದಸ್ಯರ ಸಂಸ್ಥೆಯಾದ್ದರಿಂದ ಅಂಥವುಗಳ ಮೇಲೆ ಒಲವಿರುವುದು ಸಹಜ. ಜರ್ಮನಿಯಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಸಂಘದ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಆದರೆ ಸದಸ್ಯರದೇ ಆದ ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನ ಸಾಲ 135 ಕೋಟಿ ಯೂರೋ ಎಂದು ಅದರ ಅಧ್ಯಕ್ಷರೇ 2021ರ ಆಗಸ್ಟ್‌ನಲ್ಲಿ ಹೇಳಿದರು. ಮೆಸ್ಸಿ ಕ್ಲಬ್ ಬಿಟ್ಟದ್ದೂ ಅದೇ ತಿಂಗಳು, ಮತ್ತು ಅವರ ಹೆಸರಿನ ಜೆರ್ಸಿ ಬೇಕೆಂದವರಿಗೆ ಆಮೇಲೆ ಪ್ಯಾರಿಸ್ ತಂಡದ್ದೇ ಗತಿಯಾಯಿತು. ಆದ್ದರಿಂದ ನಿಯಮ ಎಲ್ಲ ಕ್ಲಬ್‌ಗಳಿಗೂ ಒಂದೇ.

ಇದರಿಂದ ತಮಗೆ ಆಗುವ ಅನನುಕೂಲವನ್ನೂ ಮುಚ್ಚಿಡುವುದಿಲ್ಲ. ಸಗಟು ವಿತರಕರು ನಮ್ಮಿಂದ ಪೂರ್ಣ ಹಣವನ್ನು ಮೊದಲೇ ಪಡೆಯುತ್ತಾರೆ ಮತ್ತು ಮಾರಾಟವಾಗದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ. ಉಳಿದ ಮುಕ್ಕಾಲು ಭಾಗವನ್ನು ಸಂಘವೇ ತನ್ನ ಬಂಡವಾಳದಿಂದ ಹಾಕಬೇಕಾಗುತ್ತದೆ. ಇದಕ್ಕಾಗಿ ಬ್ಯಾಂಕಿನಿಂದ ಸಾಲ ಎತ್ತುವುದು ಬೇಡವೆಂದು ಸದಸ್ಯರು ತೀರ್ಮಾನಿಸಿರುವುದರಿಂದ, ಒಂದು ಸಲಕ್ಕೆ ತರಿಸುವ ಸರಕು ಕಡಿಮೆಯಾಗುತ್ತದೆ, ಕೆಲವು ಅಳತೆಗಳಿಗೆ ಎರಡನೆಯ ಸಲ ಸರಕು ಬರುವವರೆಗೆ ಕಾಯಬೇಕಾಗಬಹುದು, ಮತ್ತು ಮುಂಗಡ ಬುಕಿಂಗಿಗೆ ಕೊಡುತ್ತಿದ್ದ ರಿಯಾಯಿತಿ ಇನ್ನಿರುವುದಿಲ್ಲ. ಒಡೆತನ ಬದಲಾದ ಕ್ಲಬ್ಬೊಂದರ, ಹಳೆಯ ಪ್ರಾಯೋಜಕರ ಹೆಸರುಳ್ಳ ಜೆರ್ಸಿಗಳು ಗೋದಾಮಿನಲ್ಲಿ ಉಳಿದಿದ್ದು, ಅರ್ಧ ಬೆಲೆಗೆ ಲಭ್ಯವಿವೆ; ಬಟ್ಟೆ ಚೆನ್ನಾಗಿದೆ, ಅಭ್ಯಾಸಕ್ಕೆ ತೊಡಲು ಅಡ್ಡಿಯಿಲ್ಲ.

ಈಗಾಗಲೇ ಪೂರ್ಣ ಹಣ ಕಟ್ಟಿರುವವರು ರಸೀದಿಯೊಂದಿಗೆ ಮಳಿಗೆಗೆ ಬಂದರೆ ಮುಕ್ಕಾಲು ಭಾಗವನ್ನು ಹಿಂದಿರುಗಿಸಲಾಗುವುದು. ಬೇಡವೆನ್ನುವವರು ಆ ಮೊತ್ತವನ್ನು ಬೇರೆ ಖರೀದಿಗೆ ಹೊಂದಿಸಿಕೊಳ್ಳಬಹುದು. ಅಂಕೋಲಾ, ಕುಮಟಾ ಮತ್ತು ಶಿರಸಿಯ ಗ್ರಾಹಕರು ಇದಕ್ಕಾಗಿಯೇ ಕಾರವಾರಕ್ಕೆ ಬರಬೇಕಾಗಿಲ್ಲ: ರಸೀದಿಯ ಪ್ರತಿಯನ್ನೂ ಬ್ಯಾಂಕ್ ಖಾತೆಯ ವಿವರವನ್ನೂ ಅಂಚೆಯಲ್ಲಿ ಕಳುಹಿಸಿದರೆ ಹಣ ಖಾತೆಗೇ ಜಮೆಯಾಗುತ್ತದೆ.

ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು ಮತ್ತು ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ